ಎರಡು ನಾಕರ ಕೈ

ಭೀಮೇಶ ಬಳೆ ಅಳತೆ ಕೇಳಿದನಂತೆ ಅನ್ನುವ ಸುದ್ದಿ ನನ್ನ ಕಿವಿಗೆ ಬಿದ್ದಾಗ ನಾನು ಟಪಾಲಿಗೆ ಮೊಹರು ಒತ್ತುತ್ತಿದ್ದೆ. ಮೊಹರು ಕಾಗದ ಬಿಟ್ಟು ನನ್ನ ಹೆಬ್ಬೆರಳಿನ ಮೇಲೆ ಬಿತ್ತು.

ನಮ್ಮೂರಿನ ಪೋಸ್ಟ್ ಆಫೀಸು ಅಂದರೆ ನಮ್ಮ ಮನೆಯ ಮುಂದಿನ ಕೋಣೆ. ದಿನಾ ಬೆಳಿಗ್ಗೆ ನಾರಾಯಣಖೇಡಕ್ಕೆ ಸೈಕಲ್ ತುಳಿದು ಟಪಾಲು ಚೀಲ ತರುವವಳು ನಾನು, ಮೊಹರು ಒತ್ತುವವಳು ನಾನು, ಮನೆಮನೆಗೆ ಮುಟ್ಟಿಸುವವಳೂ ನಾನೇ. ಅವತ್ತು ಹೊರಗಿನ ಕಟ್ಟೆಯ ಮೇಲೆ ಬಳೆಗಾರ್ತಿ ತಾರಾಬಾಯಿ ಬುಟ್ಟಿ ಇಳಿಸಿಕೊಂಡು, ನಮ್ಮವ್ವ ಸಾಬಮ್ಮನ ಕೈ ಹಿಡಿದು ಕೂತಿದ್ದಳು.

“ಅಂಗಡ್ಯಾನವ್ರು ನಿನ್ನ ಕೈಗಿ ಎರಡು ಎಂಟು ಅಂತಾರ, ಹೌದಿಲ್ಲೋ? ನಾ ಎರಡು ಆರು ಏರಿಸಿ ತೋರಿಸ್ತೀನಿ. ಕೈ ಸಡಿಲ ಬಿಡು, ಸಾಬಮ್ಮ,” ಅಂತ ತಾರಾಬಾಯಿ ತನ್ನ ಎಂದಿನ ಜಂಬ ಕೊಚ್ಚಿಕೊಂಡಳು. ಅವ್ವನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣುಗಳನ್ನೆಲ್ಲ ಒಂದುಗೂಡಿಸಿ ಹಿಸುಕಿದಳು. ಬಳೆ ಸರಕ್ಕನೆ ಏರಿತು. ಆಮೇಲೆ ಏನೂ ಆಗಿಲ್ಲ ಅನ್ನುವಂತೆ ಹೇಳಿದಳು, “ಮತ್ತ, ಮೊನ್ನೆ ಭೀಮೇಶ ನನ್ನ ಬಲ್ಲಿ ಬಂದಿದ್ದ. ಬಳಿ ಅಳತಿ ಕೇಳಾಕ.”

ನಮ್ಮ ಕಡೆ ಗಂಡಸು ಬಳೆ ಅಳತೆ ಕೇಳುವುದಕ್ಕೆ ಒಂದೇ ಅರ್ಥ. ಹುಡುಗಿ ಮನಸ್ಸಿಗೆ ಬಂದಮೇಲೆ, ನಿಶ್ಚಯಕ್ಕೆ ಮೊದಲು, ಗಂಡಿನ ಕಡೆಯವರು ಬಳೆಗಾರ್ತಿಯನ್ನು ಹಿಡಿದು ಅಳತೆ ತಿಳಿದುಕೊಳ್ಳುತ್ತಾರೆ. ಅಳತೆ ಹೋಯಿತು ಅಂದರೆ ಹುಡುಗಿ ಹೋದಳು ಅಂತಲೇ ಲೆಕ್ಕ.

“ಯಾವ ಭೀಮೇಶ?” ಅಂತ ಒಳಗಿನಿಂದಲೇ ಕೇಳಿದೆ.

“ಊರಾಗ ಎಷ್ಟು ಮಂದಿ ಭೀಮೇಶ ಅದಾರವ್ವ? ಕುರಿ ಧರ್ಮಣ್ಣನ ಮಗ. ಜಹೀರಾಬಾದಿನಾಗ ಟ್ರ್ಯಾಕ್ಟರ್ ಫ್ಯಾಕ್ಟರ್ಯಾಗ ಅದಾನಲ್ಲ, ಅವನೇ.”

“ಯಾರ ಕೈ ಅಳತಿ?”

“ಅದೊಂದು ಕೇಳಬ್ಯಾಡ. ಹೆಸರು ಹೇಳಬಾರದು ಅಂತ ಕಸಂ ಹಾಕಿಸ್ಕೊಂಡಾನ. ತಾರಾಬಾಯಿ ಮಾತು ಕೊಟ್ಟಳು ಅಂದ್ರ ಮುಗೀತು.”

ಮಾತು ಕೊಟ್ಟವಳು ಪೂರ್ತಿ ಬಾಯಿ ಮುಚ್ಚಿಕೊಂಡೇ ಇರಬಹುದಿತ್ತು. ಹೆಸರೊಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಓಣಿ ಓಣಿಗೆ ಹಂಚಿಕೊಂಡು ಬಂದಿದ್ದಳು. ಪೋಸ್ಟ್ ಆಫೀಸು ನಡೆಸುವವಳು ನಾನೋ ಇವಳೋ ಅನ್ನಿಸಿತು.

“ಅಳತಿ ಎಷ್ಟು, ಅದಾದ್ರೂ ಹೇಳ್ರಿ ಆಯಿ.”

ತಾರಾಬಾಯಿ ನನ್ನ ಮುಖ ನೋಡಿದಳು. ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡವಳ ಹಾಗೆ ನಿಧಾನ ನಕ್ಕಳು.

“ಎರಡು ನಾಕು.”

ನನ್ನದು ಎರಡು ಆರು. ಜಹೀರಾಬಾದಿನ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿದಾಗಿನಿಂದ ಕೇಳಿ ತರುವುದು ಎರಡು ಆರು. ಅದೂ ಸೋಪು ಹಚ್ಚಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಸೈಕಲ್ ಹ್ಯಾಂಡಲ್ ಹಿಡಿದು ಹಿಡಿದು ಅಗಲವಾದ ಕೈ ನನ್ನದು.

ಉಳಿದ ಟಪಾಲಿಗೆ ನಾನು ಒತ್ತಿದ ಮೊಹರಿನ ಸದ್ದಿಗೆ ಅವ್ವ, “ಏ, ಮೇಜು ಮುರೀತಿ ನೋಡು!” ಅಂತ ಕೂಗಿದಳು.

ನಿನಗೂ ಅವನಿಗೂ ಏನಿತ್ತು ಅಂತ ಯಾರಾದರೂ ಕೇಳಿದ್ದರೆ ಹೇಳಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ. ಅದೇ ನನ್ನ ಸಂಕಟ. ಅವನು ಏನೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆದರೆ ರಜೆಗೆ ಊರಿಗೆ ಬಂದಾಗಲೆಲ್ಲ ಅವನಿಗೆ ಪೋಸ್ಟ್ ಆಫೀಸಿನಲ್ಲಿ ಏನೋ ಒಂದು ಕೆಲಸ ಇರುತ್ತಿತ್ತು. ಒಮ್ಮೆ ತನಗೆ ತಾನೇ ಒಂದು ಕಾರ್ಡು ಬರೆದು ಹಾಕಿ, ಅದು ಬಂತೇನು ಅಂತ ಕೇಳಲು ಬಂದಿದ್ದ. “ಯಾರು ಬರದಾರ?” ಅಂತ ನಾನು ಕೇಳಿದ್ದಕ್ಕೆ, “ಯಾರೋ ನನ್ನ ಮ್ಯಾಲ ಭಾಳ ಜೀವ ಇದ್ದವ್ರು,” ಅಂತ ಅಂದು ನನ್ನ ಕಣ್ಣನ್ನೇ ನೋಡಿದ್ದ. ಅಕ್ಷರ ಅವನದೇ ಅಂತ ನನಗೆ ಗೊತ್ತಿತ್ತು. ಗೊತ್ತಿದೆ ಅಂತ ಅವನಿಗೂ ಗೊತ್ತಿತ್ತು.

ಇನ್ನೊಂದು ಬೆಳಗು ಇತ್ತು. ಚಳಿ ಆಗಷ್ಟೇ ಜೋರಾಗಿತ್ತು. ನಮ್ಮ ಕಡೆ ಚಳಿ ಬರುವುದು ಗಾಳಿಯ ಜೊತೆಗೆ. ಕೋಹೀರ್ ಕಡೆಯಿಂದ ಬೀಸಿ ಬಂದು ಬೆರಳಿನ ಸಂದಿಯಲ್ಲೇ ಮನೆ ಮಾಡುತ್ತದೆ. ನಾರಾಯಣಖೇಡದ ರಸ್ತೆಯ ಇಳಿಜಾರಿನಲ್ಲಿ ಒಂದು ಎಮ್ಮೆ ಅಡ್ಡ ಬಂತು, ನಾನು ಬ್ರೇಕ್ ಒತ್ತಿದೆ. ಒತ್ತಿದೆ ಅಂದುಕೊಂಡೆ, ಅಷ್ಟೇ. ಮರಗಟ್ಟಿದ ಬೆರಳು ಅಲುಗಲೇ ಇಲ್ಲ. ಸೈಕಲ್ಲು, ಚೀಲ, ನಾನು ಮೂರೂ ಹೋಗಿ ತೊಗರಿ ಹೊಲದೊಳಗೆ ಬಿದ್ದೆವು.

ಪಕ್ಕದ ಹೊಲದಲ್ಲಿ ಧರ್ಮಣ್ಣ ಮಾಮಾನ ಕುರಿ ತಂಗಿದ್ದವು. ರಜೆಗೆ ಬಂದಿದ್ದ ಭೀಮೇಶ ಕಾವಲಿಗೆ ಇದ್ದ. ಓಡಿ ಬಂದವನು ಮೊದಲು ನನ್ನ ಬೆರಳ ತುದಿ ಮುಟ್ಟಿ ನೋಡಿದ, “ಇದೇನು ಕೈಯೋ ಬರ್ಫೋ!” ಅಂದ. ಆಮೇಲೆ ಒಂದು ತಾಯಿಕುರಿಯನ್ನು ಎಳೆದು ತಂದು ನನ್ನ ಮುಂದೆ ನಿಲ್ಲಿಸಿದ.

“ಎರಡೂ ಕೈ ಉಣ್ಣಿಯೊಳಗ ತುರುಕು.”

“ಯಾಕ?”

“ನಮ್ಮ ಮನಿ ಹೀಟರ್ ಇದು. ಕರೆಂಟ್ ಬಿಲ್ ಬರಂಗಿಲ್ಲ.”

ಕುರಿಯ ಬೆನ್ನಿನ ಉಣ್ಣೆಯೊಳಗೆ ಕೈ ಇಟ್ಟುಕೊಂಡು ನಾನು ನಿಂತೆ. ಆ ಕಡೆಯಿಂದ ಅವನು ಕುರಿ ಹಿಡಿದು ನಿಂತ. ಉಣ್ಣೆಯೊಳಗೆ ಎಲ್ಲೋ ಅವನ ಬೆರಳು ನನ್ನ ಬೆರಳಿಗೆ ತಾಗಿತು. ಇಬ್ಬರೂ ಕೈ ತೆಗೆಯಲಿಲ್ಲ, ಕುರಿಯೂ ಬೇಸರ ಮಾಡಿಕೊಳ್ಳಲಿಲ್ಲ.

“ಮನಿ ತುಂಬ ಉಣ್ಣಿ ಅದ. ಕೈಗವಸು ಹೆಣಿಸಿ ಕೊಡ್ಲೇನು?” ಅಂತ ಕೇಳಿದ.

“ನಿಂತವ್ರಿಗೆ ಉಣ್ಣಿ ಸಾಕು. ಸೈಕಲ್ ಮ್ಯಾಲ ಗಾಳಿ ಎಳಿ ಎಳಿ ನಡುವೆ ನುಗ್ತದ. ದಪ್ಪಂದು ಹಾಕಿದ್ರ ಬ್ರೇಕ್ ಕೈಗಿ ತಿಳಿಯಂಗಿಲ್ಲ. ತೆಳ್ಳಗ ಇರಬೇಕು, ಗಾಳಿನೂ ತಡೀಬೇಕು, ಹೆಬ್ಬೆರಳಿಂದ ಫೋನ್ ಒತ್ತಾಕ ಬರಬೇಕು, ಮಣಿಕಟ್ಟು ದಾಟಿ ತೋಳಿನ ಒಳಗ ಸೇರಬೇಕು. ಗ್ಲೌಸ್ ಆರಿಸೂದು ಅಂದ್ರ ವರ ಆರಿಸಿದಂಗ,” ಅಂದೆ.

“ಅಷ್ಟು ಕಠಿಣ?”

“ಅದಕ್ಕಿಂತ ಕಠಿಣ. ವರ ಜರಾ ಸಡಿಲ ಇದ್ರ ನಡೀತದ.”

ಅವನು ನಕ್ಕ. ಇನ್ನೂ ಏನೇನೋ ಕೇಳಿದ, ನಾನು ಟೀಚರಮ್ಮನ ಹಾಗೆ ಹೇಳಿದೆ. ಆ ಬೆಳಗನ್ನು ಆಮೇಲೆ ಎಷ್ಟು ಸಲ ನೆನೆಸಿಕೊಂಡಿದ್ದೇನೋ ನನಗೇ ಗೊತ್ತಿಲ್ಲ. ಅಂಥ ಬೆಳಗಿನ ಮೇಲೆ ಈಗ ಎರಡು ನಾಕರ ಕೈಯವಳೊಬ್ಬಳು ಬಂದು ಕೂತಿದ್ದಳು.

ಅವಳು ಯಾರು ಅಂತ ಹುಡುಕಲು ನನಗೆ ಬಹಳ ಕಾಲ ಬೇಕಾಗಲಿಲ್ಲ. ಹೊಟ್ಟೆಕಿಚ್ಚಿಗೆ ಟಾರ್ಚು ಬೇಡ.

ಪೆದ್ದೆಮುಲ್‌ನಲ್ಲಿ ಪೋಸ್ಟ್ ಆಫೀಸು ನೋಡಿಕೊಳ್ಳುವ ಭವಾನಿ ನನ್ನ ಜೊತೆ ಟ್ರೇನಿಂಗಿನಲ್ಲಿದ್ದವಳು. ಅವಳೂ ಸೈಕಲ್ ತುಳಿಯುತ್ತಾಳೆ, ನನ್ನ ಹಾಗೆಯೇ. ಆದರೆ ಅವಳ ಬೆರಳು ನನ್ನ ಹಾಗಿಲ್ಲ. ಉದ್ದ, ತೆಳು, ಮೆಹಂದಿ ಹಚ್ಚಲೆಂದೇ ಮಾಡಿದಂಥವು. ಟ್ರೇನಿಂಗಿನಲ್ಲಿ ನೋಟು ಎಣಿಸುವಾಗ ಕಲಿಸುವವರೂ ಅವಳ ಕೈ ನೋಡುತ್ತ ಕೂಡುತ್ತಿದ್ದರು.

ಆ ವಾರ ಅವಳು ವಾಟ್ಸಾಪ್ ಸ್ಟೇಟಸ್ ಹಾಕಿದಳು. ಅವಳ ಊರಿಗೆ ಹತ್ತಿರದ ತಾಂಡೂರಿನ ಯಾವುದೋ ಅಂಗಡಿ, ಎರಡೂ ಕೈಗೆ ಕಪ್ಪು ಸೈಕಲ್ ಗ್ಲೌಸ್, ಕೆಳಗೆ ತೆಲುಗಿನಲ್ಲಿ ‘ಚಳಿಗೆ ಟಾಟಾ’ ಅಂತ ಬರೆದು ನಗುವ ಗೊಂಬೆ. ಚೆಂದ ಕಾಣುತ್ತಾಳೆ ಪಾಪ, ಅಂತ ಮುಂದೆ ಸರಿಸುವವಳಿದ್ದೆ. ಆಗ ಫೋಟೋದ ಮೂಲೆ ಕಣ್ಣಿಗೆ ಬಿತ್ತು.

ಮೂಲೆಯಲ್ಲಿ ಒಂದು ಸೈಕಲ್ ಹ್ಯಾಂಡಲ್. ಹ್ಯಾಂಡಲ್ ಮೇಲೆ ಕೆಂಪು ಬೆಲ್ಲು. ಬೆಲ್ಲಿಗೆ ಕುರಿಮರಿಯ ಕೊರಳಿನ ಸಣ್ಣ ಹಿತ್ತಾಳೆ ಗೆಜ್ಜೆ ಕಟ್ಟಿತ್ತು. ಭೀಮೇಶನ ಸೈಕಲ್ಲಿನ ಆ ಗೆಜ್ಜೆಯ ಸದ್ದು ಓಣಿಯ ತುದಿಯಲ್ಲಿ ಕೇಳಿಸಿದರೆ ಸಾಕು, ನಾನು ಇಲ್ಲಿ ಜಡೆ ಸರಿಮಾಡಿಕೊಳ್ಳುತ್ತಿದ್ದೆ.

ಅವನು ರಜೆಯ ದಿನ ಊರಿಗೆ ಬರದೆ ತಾಂಡೂರಿಗೆ ಹೋಗಿದ್ದ. ಫೋನ್ ಮಾಡಿ ಕೇಳಿದೆ.

“ಎಲ್ಲಿ ಇದ್ದಿ?”

“ತಾಂಡೂರಿಗಿ ಬಂದಿದ್ದೆ. ಜರಾ ಪಾರ್ಟ್ಸ್ ತರೂದಿತ್ತು.”

“ಟ್ರ್ಯಾಕ್ಟರ್ ಮಾಡೂರೇ ಜಹೀರಾಬಾದಿನಾಗ ಇದ್ದೀರಿ. ಪಾರ್ಟ್ಸ್ ತಾಂಡೂರಿನಾಗ ಸಿಗ್ತಾವ?”

“ಸಿಗ್ನಲ್ ಇಲ್ಲ, ಆಮ್ಯಾಲ ಮಾಡ್ತೀನಿ,” ಅಂದ. ಸಿಗ್ನಲ್ ಪೂರ್ತಿ ಇತ್ತು, ಅವನ ಉಸಿರು ಕೂಡ ಕೇಳಿಸುತ್ತಿತ್ತು.

ಆಫೀಸಿನಲ್ಲಿ ನಾನು ತೆಲುಗು ಮಾತಾಡುತ್ತೇನೆ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು. ಅವತ್ತು ಮೂರೂ ಭಾಷೆಯಲ್ಲಿ ಬೈದುಕೊಂಡೆ. ಮೊದಲು ಅವನನ್ನು, ಆಮೇಲೆ ಭವಾನಿಯನ್ನು, ಕಡೆಗೆ ನನ್ನ ಅಗಲ ಕೈಯನ್ನು. ಅಳುವುದೂ ಆಯಿತು. ಅತ್ತು ಮುಗಿದ ಮೇಲೆ ಒಂದು ತೀರ್ಮಾನಕ್ಕೆ ಬಂದೆ. ವರ ಹೋದರೆ ಹೋಗಲಿ, ಗ್ಲೌಸು ನಾನೇ ಆರಿಸಿಕೊಳ್ಳುತ್ತೇನೆ.

ಭಾನುವಾರ ಬಸ್ಸು ಹತ್ತಿ ಜಹೀರಾಬಾದಿಗೆ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬಸ್ಸು ಮುಟ್ಟುವ ಹೊತ್ತಿಗೆ ನನ್ನ ಸಿಟ್ಟು ಇನ್ನಷ್ಟು ಹದವಾಗಿತ್ತು. ಹೆದ್ದಾರಿಯ ಪಕ್ಕದಲ್ಲಿ ಕಾಶಿನಾಥ ಕಾಕಾನ ಸೈಕಲ್ ಅಂಗಡಿ. ನಮ್ಮಪ್ಪನ ಕಾಲದಿಂದಲೂ ನಮ್ಮ ಮನೆಯ ಸೈಕಲ್ಲೆಲ್ಲ ಅವರಲ್ಲಿಯದೇ. ಹಣೆ ತುಂಬ ವಿಭೂತಿ, ಮೂಗಿನ ತುದಿಗೆ ಕನ್ನಡಕ, ಮೊಮ್ಮಕ್ಕಳ ಮದುವೆ ಮಾಡಿದವರು.

“ಗ್ಲೌಸ್ ಬೇಕಾಗಿತ್ತು ಕಾಕಾ. ತೆಳ್ಳನ್ನವು, ಗಾಳಿ ತಡೆಯೋವು.”

ಅವರು ಕನ್ನಡಕದ ಮೇಲಿಂದ ನೋಡಿದರು. “ಏನವ್ವ, ಈ ವರ್ಷ ಎಲ್ಲಾರ್ಗೂ ತೆಳ್ಳನ್ನವೇ ಬೇಕು? ನಿನ್ನೆನೂ ಒಬ್ಬ ಹುಡುಗ ಬಂದಿದ್ದ. ತಲಿ ತಿಂದುಬಿಟ್ಟ. ಬೈಕಿನ ದಪ್ಪ ಗ್ಲೌಸ್ ತೋರಿಸಿದ್ರ, ‘ಇದರಾಗ ಬ್ರೇಕ್ ಕೈಗಿ ತಿಳಿಯಂಗಿಲ್ರಿ’ ಅಂದ. ಉಣ್ಣಿವು ಕೊಟ್ರ, ‘ಸೈಕಲ್ ಮ್ಯಾಲ ಗಾಳಿ ಎಳಿ ಎಳಿ ನಡುವೆ ನುಗ್ತದರಿ’ ಅಂದ. ಹೆಬ್ಬೆರಳಿಂದ ಫೋನ್ ಒತ್ತಾಕ ಬರಬೇಕಂತ, ಮಣಿಕಟ್ಟು ದಾಟಿ ತೋಳಿನ ಒಳಗ ಸೇರಬೇಕಂತ. ಗ್ಲೌಸ್ ಆರಿಸೂದು ಅಂದ್ರ ವರ ಆರಿಸಿದಂಗ ಅಂತ ನನಗ ಪಾಠ ಹೇಳಿದ!”

ಅವು ನನ್ನ ಮಾತು. ಒಂದಕ್ಷರ ಬಿಡದೆ ನನ್ನ ಮಾತು. ಅವನು ಬೇರೆ ಹುಡುಗಿಯನ್ನು ಮೆಚ್ಚಿಕೊಂಡದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಕುರಿಯ ಉಣ್ಣೆಯೊಳಗೆ ಕೈಯಿಟ್ಟು ನಾನು ಹೇಳಿದ್ದನ್ನೆಲ್ಲ ಗಂಟು ಕಟ್ಟಿ ಒಯ್ದು ಅವಳ ಕೈಗೆ ತೊಡಿಸುತ್ತಾನಲ್ಲ! ಚಳಿ ತಿಂದ ಬೆರಳು ನನ್ನದು, ಬೆಚ್ಚಗಾಗುವ ಬೆರಳು ಅವಳದು.

“ಯಾರಿಗಂತ ಕೇಳಿದ್ರೇನ್ರಿ ಕಾಕಾ?”

“ಕೇಳಿದೆ. ಅಳತಿಗೆ ಒಂದು ಬಳಿ ತಂದಿದ್ದ. ‘ಬಳಿ ಯಾಕ ತಂದಿ, ಕೈ ಕರಕೊಂಡು ಬಾ’ ಅಂದೆ. ‘ಯಾರ ಕೈ ಅಂತ ಈಗೇ ಹೇಳಂಗಿಲ್ರಿ’ ಅಂತ ನಾಚಿಕೊಂಡ. ಆ ಬಳಿ ನೋಡಿ ಅಂದಾಜಿಗೆ ಸಣ್ಣ ಸೈಜು ಕೊಟ್ಟೆ. ಗಾಳಿ ತಡೀತದೋ ಇಲ್ಲೋ ಅಂತ ಎಲ್ಲಾ ಜೋಡಿಗೂ ಬಾಯಿ ಹಚ್ಚಿ ಊದಿ ಊದಿ ನೋಡ್ಯಾನ. ಉಳಿದವು ಇನ್ನ ಯಾರಿಗಿ ಮಾರ್ಲಿ?”

“ಅಂಥವೇ ಇನ್ನೊಂದು ಜೋಡಿ ಅವೇನು?”

“ಒಂದೇ ಉಳದದ. ಮೀಡಿಯಂ. ಎಲ್ಲಿ, ಕೈ ಬಿಚ್ಚು ನೋಡೋಣ, ಮಗಳ.”

ಕಾಕಾ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈ ಸುತ್ತ ಟೇಪು ಸುತ್ತಿದರು. ಬೆರಳಿನ ಸಂದಿಗೆ ಬಟ್ಟೆ ಪೂರ್ತಿ ಕೂಡಬೇಕು, ತುದಿಯಲ್ಲಿ ಖಾಲಿ ಉಳಿಯಬಾರದು, ಮುಷ್ಟಿ ಹಿಡಿದರೆ ಬಿಗಿಯಬಾರದು ಅಂತ ಹೇಳುತ್ತ ತೊಡಿಸಿದರು. ಒಂದು ಹೊಸ ಸೈಕಲ್ಲಿನ ಬ್ರೇಕ್ ಹಿಡಿಸಿದರು. ಒಂದೇ ಬೆರಳಿಗೆ ಬ್ರೇಕ್ ಬಂತು. ನನ್ನ ಕೈಗೆಂದೇ ಹೊಲಿದ ಹಾಗಿತ್ತು.

ಒಳ್ಳೆಯ ಗ್ಲೌಸ್ ಸಿಕ್ಕ ಖುಷಿ ಇರಬೇಕಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವನ್ನು ತೊಡೆಯ ಮೇಲಿಟ್ಟುಕೊಂಡು, ಇದೇ ಬಣ್ಣ, ಇದೇ ಹೊಲಿಗೆ, ಇನ್ನೊಂದು ಸಣ್ಣ ಜೋಡಿ ಪೆದ್ದೆಮುಲ್‌ಗೆ ಹೋಗುತ್ತಿರಬಹುದು ಅಂತಲೇ ಯೋಚಿಸಿದೆ.

ಮರುದಿನ ಬೆಳಿಗ್ಗೆ ಚೀಲ ಕಟ್ಟಿಕೊಂಡು ನಾರಾಯಣಖೇಡದಿಂದ ವಾಪಸು ಬರುತ್ತಿದ್ದೆ. ಗಾಳಿ ಎದುರಿಗೇ ಇತ್ತು. ಮೂಗು ಉದುರುವಂತಿತ್ತು, ಕೈ ಮಾತ್ರ ಬೆಚ್ಚಗಿತ್ತು. ನಾನು ಬಿದ್ದಿದ್ದ ಅದೇ ತೊಗರಿ ಹೊಲದ ಹತ್ತಿರ ಕೆಂಪು ಬೆಲ್ಲಿನ ಸೈಕಲ್ ನಿಂತಿತ್ತು. ಪಕ್ಕದಲ್ಲಿ ಅವನು, ಕೈಯಲ್ಲಿ ಒಂದು ಪೊಟ್ಟಣ.

“ನಿಂದ್ರು ಮೌನಿಕಾ!”

ಒಂದೇ ಬೆರಳಿಗೆ ಬ್ರೇಕ್ ಒತ್ತಿ ನಿಂತೆ. “ಏನ್ರಿ? ಟಪಾಲಿನ ಕೆಲಸ ಇದ್ರ ಆಫೀಸಿಗಿ ಬರ್ರಿ.”

“ಇದೇನು, ರಿ ಹಚ್ಚಿ ಮಾತಾಡಾಕತ್ತಿ?”

“ಲಗ್ನ ಆಗೋ ಮಂದಿಗಿ ಮರ್ಯಾದಿ ಕೊಡಬೇಕಲ್ರಿ.”

ಅವನು ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಅವನ ಕಣ್ಣು ನನ್ನ ಕೈಯ ಮೇಲಿತ್ತು. ಪೊಟ್ಟಣ ಹಿಡಿದ ಕೈ ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

“ಗ್ಲೌಸ್ ಯಾರು ಕೊಟ್ರು?”

“ಜಹೀರಾಬಾದಿನಾಗ ಒಬ್ಬರು ಕೊಟ್ರು. ಕೈ ಹಿಡದು, ಬೆರಳು ಬಿಡಿಸಿ, ಅಳತಿ ನೋಡಿ, ತಾವೇ ತೊಡಿಸಿದ್ರು.”

ಅವನ ಮುಖ ನೋಡಬೇಕಿತ್ತು. ಕಿವಿಯ ತುದಿಯಿಂದ ಕೆಂಪು ಕೊರಳಿಗೆ ಇಳಿಯಿತು. ಎರಡು ವಾರದಿಂದ ನಾನು ಉಂಡ ಉರಿಯಲ್ಲಿ ಒಂದು ತುತ್ತು ಅವನೂ ಉಣ್ಣಲಿ ಅಂತ ನನಗೆ ಎಷ್ಟು ಹಿತವಾಯಿತು ಅಂದರೆ, ದೇವರು ಕ್ಷಮಿಸಲಿ, ಇನ್ನೊಂದು ಸಲ ಹೇಳೋಣ ಅನ್ನಿಸಿತು.

“ಯಾರವ?”

“ನಿಮಗ್ಯಾಕ್ರಿ?”

“ಖರೇ, ನನಗ್ಯಾಕ.” ಅವನು ನೆಲ ನೋಡಿದ. “ಒಳ್ಳೇದಾತು ಬಿಡು. ನಿನ್ನ ಕೈಗಿ ಚಳಿ ತಪ್ಪಿತಲ್ಲ, ಅಷ್ಟೇ ಬೇಕಾಗಿತ್ತು.”

ಪೊಟ್ಟಣವನ್ನು ನನ್ನ ಟಪಾಲು ಚೀಲದ ಮೇಲಿಟ್ಟು, ಸೈಕಲ್ ತಿರುಗಿಸಿದ. ಗೆಜ್ಜೆ ಕಿಣಿಕಿಣಿ ಅಂದಿತು. ಪೊಟ್ಟಣದ ಬಾಯಿ ಬಿಚ್ಚಿಕೊಂಡಿತ್ತು. ಒಳಗೆ ಅದೇ ಬಣ್ಣ, ಅದೇ ಹೊಲಿಗೆ.

ಹೋಗಲಿ ಅಂತ ಬಿಡಬೇಕಿತ್ತು, ಮಾನವಂತೆಯಾಗಿದ್ದರೆ. ನನ್ನ ಬಾಯಿ ಕೇಳಲಿಲ್ಲ.

“ಏ! ನಿನ್ನ ಎರಡು ನಾಕಿನ ಅಕಿಗಿ ತಂದದ್ದು ನನಗ್ಯಾಕ ಕೊಡ್ತಿ? ಪೆದ್ದೆಮುಲ್‌ಗಿ ಮುಟ್ಟಿಸಬೇಕಾದ್ರ ಟಿಕೇಟ್ ಹಚ್ಚಿ ಕೊಡು!”

ಅವನು ತಿರುಗಿದ. “ಪೆದ್ದೆಮುಲ್‌ದಾಗ ಯಾರಿದ್ದಾರ?”

“ಭವಾನಿ! ಸ್ಟೇಟಸ್ ನೋಡಿನಿ. ನಿನ್ನ ಬೆಲ್ಲೂ ನೋಡಿನಿ. ಪಾರ್ಟ್ಸ್ ತರಾಕ ಹೋಗಿದ್ದನಂತ ಪಾರ್ಟ್ಸ್!”

“ಭವಾನಿ ಸೈಕಲ್ ಹೊಡೀತಾಳ, ಯಾವ ಗ್ಲೌಸ್ ಚಲೋ ಅಂತ ಅಕಿಗಿ ಗೊತ್ತು ಅಂತ ಆವತ್ತು ಹೊಲದಾಗ ನೀನೇ ಹೇಳಿದ್ದಿ. ಅದಕ್ಕ ಅಕಿನ್ನ ಕೇಳಿದೆ. ಆ ಅಂಗಡ್ಯಾನವು ನಾ ಊದಿದ್ರ ಗಾಳಿ ಪಾರಾಗಿ ಬಂತು. ಬಿಟ್ಟು ಬಂದೆ.” ಅವನಿಗೂ ಸಿಟ್ಟು ಬಂದಿತ್ತು. “ಮತ್ತ ಎರಡು ನಾಕು ಯಾರು? ಎರಡು ನಾಕು ನೀನೇ ಅಲ್ಲೇನು?”

“ನಂದು ಎರಡು ಆರು!”

“ಇಲ್ಲ, ಎರಡು ನಾಕು!”

“ನನ್ನ ಕೈ ನನಗ ಗೊತ್ತಿಲ್ಲೇನು? ಎರಡು ಆರು!”

ತೊಗರಿ ಕೊಯ್ಯಲು ಹೊರಟಿದ್ದ ಹೆಂಗಸರ ಗುಂಪೊಂದು ನಮ್ಮನ್ನು ನೋಡುತ್ತ ನಿಂತಿತು. ನಾವಿಬ್ಬರೂ ಒಮ್ಮೆಲೇ ಬಾಯಿ ಮುಚ್ಚಿದೆವು. ಅವರು ದಾಟಿ ಹೋಗುವವರೆಗೆ ಕಾಯಬೇಕಾಯಿತು. ಆ ಸುಮ್ಮನಿದ್ದ ಹೊತ್ತಿನಲ್ಲಿ ಅವನು ಹೇಳಿದ್ದು ನಿಧಾನಕ್ಕೆ ನನ್ನ ಒಳಗೆ ಇಳಿಯಿತು. ಎರಡು ನಾಕು ನೀನೇ ಅಲ್ಲೇನು, ಅಂದಿದ್ದ.

“ನೀ ತಾರಾಬಾಯಿಗಿ ಯಾರ ಅಳತಿ ಕೇಳಿದಿ?” ಅಂತ ಕೇಳಿದೆ.

“ಇನ್ನ ಯಾರದು ಕೇಳ್ಲಿ? ನಿನ್ನ ಕೈ ಹಿಡದು ನೋಡಾಕ ಧೈರ್ಯ ಸಾಲಲಿಲ್ಲ. ಆವತ್ತು ಕುರಿ ನಡುವೆ ಇತ್ತು.” ಅವನು ಬೆಲ್ಲಿನ ಗೆಜ್ಜೆ ತಿರುವುತ್ತ ನಿಂತ. “ಗ್ಲೌಸ್‌ಗಿ ಅಂತ ಹೇಳಿದ್ರ ಮುದುಕಿ ನಗ್ತಾಳ ಅಂತ, ಬಳಿ ಅಳತಿ ಅಷ್ಟೇ ಕೇಳಿದೆ. ಮೊದಲ ಗ್ಲೌಸ್ ಕೊಟ್ಟು, ಆಮ್ಯಾಲ ಇನ್ನೊಂದು ಮಾತು ಕೇಳಬೇಕಂತಿದ್ದೆ. ಈಗ ಬಿಡು. ಕೈ ಹಿಡದು ಅಳತಿ ನೋಡೋವ್ರು ನಿನಗ ಸಿಕ್ಕಾರ.”

“ಸಿಕ್ಕಾರ.”

“ಹೆಸರು ಹೇಳು. ಒಂದ್ಸಲ ನೋಡಿ ಬರ್ತೀನಿ ಅವನ್ನ.”

“ಕಾಶಿನಾಥ ಕಾಕಾ.”

ಅವನು ನನ್ನನ್ನು ನೋಡಿದ. ಗ್ಲೌಸ್ ನೋಡಿದ. ರಸ್ತೆಯ ಬದಿಯ ಬದುವಿನ ಮೇಲೆ ಕುಸಿದು ಕೂತು ನಗಲು ಶುರುಮಾಡಿದ. ನನಗೂ ತಡೆಯಲಾಗಲಿಲ್ಲ. ನಗುತ್ತ ನಗುತ್ತ ನನ್ನ ಕಣ್ಣು ತುಂಬಿದವು, ಅದನ್ನು ಹೊಸ ಗ್ಲೌಸಿನಿಂದಲೇ ಒರೆಸಿಕೊಂಡೆ.

ತಾರಾಬಾಯಿ ಮನೆಯ ಅಂಗಳದಲ್ಲಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತ ಬುಟ್ಟಿ ಜೋಡಿಸುತ್ತಿದ್ದಳು. ಎರಡು ಸೈಕಲ್ ಒಟ್ಟಿಗೆ ಬಂದು ನಿಂತದ್ದು ನೋಡಿ, “ಬಂದ್ರೇನು?” ಅಂದಳು, ಬೆಳಗಿನಿಂದ ಕಾಯುತ್ತಿದ್ದವಳ ಹಾಗೆ.

“ಆಯಿ, ನನ್ನ ಅಳತಿ ಎರಡು ಆರು. ಇವನಿಗಿ ಎರಡು ನಾಕು ಯಾಕ ಹೇಳಿದ್ರಿ?”

“ಎರಡು ಆರು ಅಂತ ಯಾರು ಹೇಳ್ಯಾರ?”

“ಅಂಗಡ್ಯಾಗ...”

“ಅಂಗಡ್ಯಾನವ್ರಿಗೆ ಕೈ ಅಂದ್ರೇನು ಗೊತ್ತದ? ಬಾ ಇಲ್ಲಿ. ಆ ಕರೀ ಚೀಲ ಬಿಚ್ಚು.”

ಗ್ಲೌಸ್ ತೆಗೆದು ಎಡಗೈ ಕೊಟ್ಟೆ. ಅವಳು ಬುಟ್ಟಿಯಿಂದ ಎರಡು ನಾಕರ ಹಸಿರು ಬಳೆ ಆರಿಸಿದಳು. ನನ್ನ ಹೆಬ್ಬೆರಳು ಅಂಗೈಗೆ ಬಂತು, ಗೆಣ್ಣು ಒಂದರ ಮೇಲೊಂದು ಜಾರಿದವು. ನೋಯುತ್ತದೆ ಅಂತ ಕಣ್ಣು ಮುಚ್ಚಿದೆ. ಬಳೆ ಆಗಲೇ ಮಣಿಕಟ್ಟಿನಲ್ಲಿತ್ತು.

“ನೋಡಿದ್ಯಾ? ನನ್ನ ಕೈಯಾಗ ನಿನ್ನ ಕೈ ಎರಡು ನಾಕು. ಸಣ್ಣಕಿ ಇದ್ದಾಗಿಂದ ಏರಿಸೀನಿ, ಮರೀತೀನೇನು?”

ಭೀಮೇಶ ಗೆದ್ದವನ ಹಾಗೆ ಪೊಟ್ಟಣ ಬಿಚ್ಚಿ ಸಣ್ಣ ಗ್ಲೌಸ್ ನನ್ನ ಬಲಗೈಗೆ ಹಿಡಿದ. ನಾನು ಬೆರಳು ತೂರಿಸಿದೆ. ಗೆಣ್ಣಿನ ಹತ್ತಿರ ಬಂದು ನಿಂತಿತು. ಎಳೆದ, ತಳ್ಳಿದೆ, ಮತ್ತೆ ಎಳೆದ. ಮುಂದೆ ಹೋಗಲಿಲ್ಲ.

ತಾರಾಬಾಯಿ ಹಣೆ ಬಡಿದುಕೊಂಡಳು. “ಗ್ಲೌಸಿಗಿ ಅಂತ ಕೇಳಿದ್ಯೇನೋ ಹುಚ್ಚಪ್ಪ? ಕುರಿ ಕಾಯೂರ ಮನ್ಯಾಗ ಹುಟ್ಟಿ ಇಷ್ಟೂ ತಿಳಿಯಂಗಿಲ್ಲೇನು? ಬಳಿಗಿ ಕೈ ಮುಚ್ಚಬೇಕು, ಇದಕ್ಕ ಕೈ ಬಿಚ್ಚಬೇಕು. ನಾ ಮುಚ್ಚಿದ ಕೈ ಅಳತಿ ಕೊಟ್ಟೀನಿ. ಬಿಚ್ಚಿದ ಕೈ ಅಳತಿ ನೀನೇ ಹಿಡದು ನೋಡಬೇಕಿತ್ತು.” ಆಮೇಲೆ ದನಿ ಇಳಿಸಿದಳು. “ಅದಿರಲಿ. ನಾ ಲಗ್ನಕ್ಕ ಅಂತ ತಿಳಕೊಂಡು ಊರಿಗೆಲ್ಲಾ ಅಳತಿ ಹೋಗ್ಯಾದ ಅಂತ ಹೇಳಿಬಿಟ್ಟೀನಿ. ಯಾರದು, ಯಾರದು ಅಂತ ಜೀವ ತಿನ್ನಾಕತ್ತಾರ. ಗ್ಲೌಸಿಗಂತ ಅಂತ ಹೇಳ್ಲೋ, ಏನು ಹೇಳ್ಲಿ?”

ಭೀಮೇಶ ನನ್ನನ್ನು ನೋಡಿದ. ಆ ನೋಟದಲ್ಲಿ ಕಾರ್ಡು ಬರೆದು ಹಾಕಿದವನ ಚೇಷ್ಟೆ ಇರಲಿಲ್ಲ.

“ಮೌನಿಕಾ, ನನಗ ನೀನೇ ಬೇಕು. ಕಾರ್ಡ್ ಹಾಕಿದ ದಿನದಿಂದಲೂ ಅದೇ ಹೇಳಬೇಕಂತಿದ್ದೆ, ಬಾಯಿ ಬರಲಿಲ್ಲ. ಅಳತಿ ನಿಂದು ಅಂತ ಆಯಿ ಹೇಳ್ಲೇನು, ಬ್ಯಾಡೇನು?”

ಸಣ್ಣ ಗ್ಲೌಸ್ ಬೆರಳಿಂದ ಕಿತ್ತು ತೆಗೆದೆ. ಬಲಗೈಯನ್ನು ತಾರಾಬಾಯಿಯ ಮುಂದೆ ಚಾಚಿದೆ.

“ಈ ಕೈ ಖಾಲಿ ಅದರಿ ಆಯಿ.”

ತಾರಾಬಾಯಿ ಬುಟ್ಟಿಯಲ್ಲಿ ಇನ್ನಷ್ಟು ಎರಡು ನಾಕು ಹುಡುಕಿದಳು.

ಮಧ್ಯಾಹ್ನ ಪೋಸ್ಟ್ ಆಫೀಸಿನಲ್ಲಿ ನಾವಿಬ್ಬರೇ ಇದ್ದೆವು. ಅವ್ವ ಒಳಗೆ ಯಾರಿಗೋ ಫೋನಿನಲ್ಲಿ ಸುದ್ದಿ ಮುಟ್ಟಿಸುತ್ತಿದ್ದಳು. ಭೀಮೇಶ ನನ್ನ ಗ್ಲೌಸ್ ತೊಟ್ಟ ಕೈ ಹಿಡಿದು ತುಟಿಯ ಹತ್ತಿರ ತಂದು ಊದಿದ.

“ಗಾಳಿ ಹತ್ತಿತೇನು?”

“ಏನೂ ತಿಳೀಲಿಲ್ಲ.”

“ಹಂಗಾದ್ರ ಪಾಸ್.”

ನಾನು ಗ್ಲೌಸ್ ತೆಗೆದೆ. “ಈಗ ನೋಡು.”

ಅವನು ಊದಲಿಲ್ಲ. ಒಳಗಿಂದ ಅವ್ವ ಕೆಮ್ಮಿದಳು, ಅವನು ಜಿಗಿದು ಬೆಂಚಿನ ತುದಿಗೆ ಹೋಗಿ ಕೂತ.

ಸಣ್ಣ ಜೋಡಿ ಮೇಜಿನ ಮೇಲೆ ಉಳಿದಿತ್ತು. “ಕಾಕಾನ ಅಂಗಡಿಗಿ ವಾಪಸ್ ಕೊಡ್ತೀನಿ,” ಅಂದ ಅವನು.

“ಬ್ಯಾಡ. ಭವಾನಿ ಕೈಗಿ ಬರೋಬರ್ ಆಗ್ತಾವ. ಪಾಪ, ನಿನ್ನ ಸಲುವಾಗಿ ಅಕಿನೂ ಅಂಗಡಿ ಅಲದಾಳ.”

“ಹಂಗಾದ್ರ ನಾನೇ ಹೋಗಿ ಕೊಟ್ಟು...”

“ನೀ ಎಲ್ಲೂ ಹೋಗೂದಿಲ್ಲ. ಪೋಸ್ಟ್ ಆಫೀಸು ಯಾಕದ?”

ಗ್ಲೌಸ್ ಕವರಿನೊಳಗೆ ಹಾಕಿ ಅಂಟಿಸಿದೆ. ಮೇಲೆ ಭವಾನಿಯ ಹೆಸರು, ಪೆದ್ದೆಮುಲ್ ಅಂತ ದುಂಡಗೆ ಬರೆದೆ. ಕಳಿಸುವವರ ಹೆಸರಿನ ಜಾಗದಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಅವನು ಬೆಂಚಿನಿಂದ ಎದ್ದು ಬಂದು ನನ್ನ ಭುಜದ ಮೇಲಿಂದ ಬಗ್ಗಿದ.

ಮೌನಿಕಾ ಭೀಮೇಶ, ಅಂತ ಬರೆದೆ. ದೂರದಿಂದಲೂ ಕಾಣಲಿ ಅಂತ ಸ್ವಲ್ಪ ದೊಡ್ಡದಾಗಿಯೇ ಬರೆದೆ.

ಆಮೇಲೆ ಮೊಹರು ತೆಗೆದುಕೊಂಡು ಒತ್ತಿದೆ. ಎರಡೂ ಕೈಯ ಬಳೆ ಸದ್ದು ಮಾಡಿದವು.